ಮಿಶ್ರಣದ ಲೆಕ್ಕಗಳಲ್ಲಿ ಕೂಡಿಸಬೇಕಾದುದು ಯಾವುದನ್ನು?

ಸಮೀಕರಣಗಳನ್ನು ಬಿಡಿಸುವುದರಲ್ಲಿ ನುರಿತ ವಿದ್ಯಾರ್ಥಿಯೂ ಮಿಶ್ರಣದ ಲೆಕ್ಕ ಬಂದೊಡನೆ ತಡವರಿಸುವುದುಂಟು. ಶೇಕಡಾ 90ರ ದ್ರಾವಣಕ್ಕೆ ಶೇಕಡಾ 60ರ ದ್ರಾವಣವನ್ನು ಬೆರೆಸಿದರೆ ಬರುವುದು ಶೇಕಡಾ 75 ಎಂದು, ಯಾವುದು ಎಷ್ಟೆಂಬುದನ್ನು ನೋಡದೆಯೇ ಬರೆದುಬಿಡುವವರನ್ನು ವರ್ಷವರ್ಷವೂ ಉತ್ತರಪತ್ರಿಕೆಗಳಲ್ಲಿ ಕಾಣುತ್ತೇನೆ. ಇದು ಬೀಜಗಣಿತದ ದೋಷವಲ್ಲ. ಶೇಕಡಾಂಶವು ಒಂದು ಪ್ರಮಾಣ. ಪ್ರಮಾಣಗಳನ್ನು ಹಾಗೆಯೇ ಕೂಡಿಸಲು ಬಾರದು. ಕೂಡಿಸಬಹುದಾದುದು ಒಳಗಿರುವ ಪದಾರ್ಥವನ್ನು. ಬೆರೆಸುವ ಮುನ್ನ ಅದು ಎಷ್ಟಿತ್ತೋ ಬೆರೆಸಿದ ಮೇಲೂ ಅಷ್ಟೇ ಇರುವುದು. ಸಮೀಕರಣದ ಸಮಚಿಹ್ನೆಗೆ ಇದೊಂದೇ ಆಧಾರ.

ಅಕ್ಕಸಾಲಿಗನ ಲೆಕ್ಕವೊಂದನ್ನು ನೋಡೋಣ. 11 ಗ್ರಾಂ ಅಪರಂಜಿಗೆ, ಎಂದರೆ 24 ಕ್ಯಾರಟಿನ ಚಿನ್ನಕ್ಕೆ, ಎಷ್ಟು ತಾಮ್ರ ಬೆರೆಸಿದರೆ 22 ಕ್ಯಾರಟಿನ ಚಿನ್ನವಾಗುವುದು? ತಾಮ್ರದ ತೂಕ ‘ಕ್ಷ’ ಗ್ರಾಂ ಎಂದಿಟ್ಟುಕೊಳ್ಳೋಣ. ತಾಮ್ರದಲ್ಲಿ ಚಿನ್ನವಿಲ್ಲ, ಆದುದರಿಂದ ಅದರದು ಸೊನ್ನೆ ಕ್ಯಾರಟ್. ಹೀಗೆ ಬರೆಯಲು ಸಂಕೋಚಪಡಬೇಕಾಗಿಲ್ಲ.

24 × 11 + 0 × ಕ್ಷ = 22 × (11 + ಕ್ಷ)

264 = 242 + 22ಕ್ಷ; ಆದುದರಿಂದ ಕ್ಷ = 1 ಗ್ರಾಂ.

ಇದು ನಮ್ಮ ನಾಡಿಗೆ ಹೊಸತಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಚಿನ್ನದ ಬೆರಕೆಯ ಲೆಕ್ಕಗಳನ್ನು ಕೊಟ್ಟಿದ್ದಾನೆ. ಚಿನ್ನದ ಶುದ್ಧತೆಗೆ ಆಗಿನ ಹೆಸರು ‘ವರ್ಣ’. ವರ್ಣವನ್ನು ತೂಕದಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿಸಿ, ಒಟ್ಟು ತೂಕದಿಂದ ಭಾಗಿಸುವ ಹಳೆಯ ಕ್ರಮಕ್ಕೂ ನಮ್ಮ ಸಮೀಕರಣಕ್ಕೂ ಭೇದವಿಲ್ಲ.

ಚಿನ್ನವನ್ನು ತೂಗುತ್ತೇವೆ, ದ್ರವಗಳನ್ನಾದರೋ ಬಹುಮಟ್ಟಿಗೆ ಗಾತ್ರದಿಂದ ಅಳೆಯುತ್ತೇವೆ. ತೊಡಕು ಇರುವುದು ಇಲ್ಲಿಯೇ. 2020ರ ಕೋವಿಡ್ ಪಿಡುಗಿನ ಕಾಲದಲ್ಲಿ ಕೈಶುದ್ಧಿಯ ದ್ರವವನ್ನು ಸ್ಥಳೀಯವಾಗಿ ತಯಾರಿಸಲು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೊಂದು ಬಳಕೆಯಾಯಿತು. ಗಾತ್ರದಲ್ಲಿ ಶೇಕಡಾ 96ರ ಮದ್ಯಸಾರದಿಂದ (ಎಥನಾಲ್) ಶೇಕಡಾ 80ರ 10 ಲೀಟರ್ ದ್ರವ ಆಗಬೇಕು. ಬೇಕಾದ ಮದ್ಯಸಾರ ‘ಕ್ಷ’ ಲೀಟರ್ ಆದರೆ,

0.96ಕ್ಷ = 0.80 × 10; ಕ್ಷ = 8.333 ಲೀಟರ್.

ಸೂತ್ರದಲ್ಲಿರುವುದೂ 8,333 ಮಿಲಿಲೀಟರೇ. ಅದಕ್ಕೆ 417 ಮಿಲಿಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಮತ್ತು 145 ಮಿಲಿಲೀಟರ್ ಗ್ಲಿಸರಾಲ್ ಸೇರುತ್ತವೆ. ಹಾಗಾದರೆ ನೀರೆಷ್ಟು? ಕಳೆದು ನೋಡಿ 1,105 ಮಿಲಿಲೀಟರ್ ಎನ್ನಲು ಮನಸ್ಸಾಗುವುದು ಸಹಜ. ಆದರೆ ಸೂತ್ರವು ಆ ಸಂಖ್ಯೆಯನ್ನು ಹೇಳುವುದೇ ಇಲ್ಲ. ಪಾತ್ರೆಯ 10 ಲೀಟರಿನ ಗುರುತಿನವರೆಗೆ ನೀರು ತುಂಬಿರಿ ಎನ್ನುತ್ತದೆ.

ಕಾರಣವನ್ನು ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಾಣಬಹುದು. 50 ಮಿಲಿಲೀಟರ್ ಶುದ್ಧ ಮದ್ಯಸಾರಕ್ಕೆ 50 ಮಿಲಿಲೀಟರ್ ನೀರನ್ನು ಸೇರಿಸಿ ಅಳೆದರೆ 100 ಇರದು. ಸುಮಾರು 96 ಅಥವಾ 97 ಇರುತ್ತದೆ. ಎರಡರ ಅಣುಗಳೂ ಪರಸ್ಪರ ಆಕರ್ಷಿಸಿ, ಮೊದಲಿಗಿಂತ ಒತ್ತಾಗಿ ಕೂಡುತ್ತವೆ. ತೂಗಿದರೆ ಮಾತ್ರ ಕಿಂಚಿತ್ತೂ ಕಡಮೆಯಾಗಿರುವುದಿಲ್ಲ. ಮೇಲಿನ 1,105 ಮಿಲಿಲೀಟರ್ ನೀರನ್ನೇ ಅಳೆದು ಹಾಕಿದವನಿಗೆ 10 ಲೀಟರ್ ತುಂಬದು; ದ್ರವವು ಶೇಕಡಾ 80ಕ್ಕಿಂತ ಸ್ವಲ್ಪ ತೀಕ್ಷ್ಣವಾಗಿಯೇ ಉಳಿಯುವುದು.

ಪಠ್ಯಪುಸ್ತಕಗಳು ‘ಗಾತ್ರಗಳು ಕೂಡುತ್ತವೆ’ ಎಂಬುದನ್ನು ಹೇಳದೆಯೇ ಒಪ್ಪಿಕೊಂಡಿರುತ್ತವೆ. ಪರೀಕ್ಷೆಯಲ್ಲಿ ನೀವೂ ಒಪ್ಪಿಕೊಳ್ಳಿರಿ, ಆದರೆ ಒಪ್ಪಿಕೊಂಡೆವೆಂದು ಒಂದು ಸಾಲು ಬರೆಯಿರಿ.

ಅಭ್ಯಾಸಕ್ಕೊಂದು ಪ್ರಶ್ನೆ: ಸೂತ್ರದ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವು ಶೇಕಡಾ 3ರದು. 10 ಲೀಟರ್ ದ್ರವದಲ್ಲಿ ಅದರ ಶೇಕಡಾಂಶ ಎಷ್ಟು? ಉತ್ತರ 0.125ಕ್ಕೆ ತೀರ ಹತ್ತಿರ ಬರಬೇಕು.