ಸೇರಿತು – ಸೇರಿತ್ತು: ಪೂರ್ಣಭೂತದ ರಚನೆ ಮತ್ತು ಪ್ರಾದೇಶಿಕ ಚರಿತ್ರೆಯ ಬರವಣಿಗೆ

ಕನ್ನಡ ವ್ಯಾಕರಣಗಳು ಸಾಮಾನ್ಯವಾಗಿ ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳನ್ನು ನಿರೂಪಿಸುತ್ತವೆ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇವಕ್ಕೆ ಕ್ರಮವಾಗಿ ದ, ದಪ, ವ ಎಂಬ ಪ್ರತ್ಯಯಗಳನ್ನು ಹೇಳಿದ್ದಾನೆ. ಗತಿಸಿದ ಒಂದು ಘಟನೆಗಿಂತಲೂ ಮೊದಲೇ ಮುಗಿದ ಮತ್ತೊಂದು ಘಟನೆಯನ್ನು ಸೂಚಿಸಲು ಕನ್ನಡದಲ್ಲಿ ಪ್ರತ್ಯೇಕ ಪ್ರತ್ಯಯವಿಲ್ಲ. ಆ ಕಾರ್ಯವನ್ನು ‘ಇರು’ ಧಾತುವಿನ ಭೂತರೂಪವು ಸಹಾಯಕ ಕ್ರಿಯಾಪದವಾಗಿ ನಿರ್ವಹಿಸುತ್ತದೆ: ಬಂದು + ಇದ್ದನು > ಬಂದಿದ್ದನು, ಸೇರಿ + ಇತ್ತು > ಸೇರಿತ್ತು.

ಫ್ರೆಂಚ್ ಭಾಷೆಯ ಪೂರ್ಣಭೂತವೂ ಸಹಾಯಕ ಕ್ರಿಯಾಪದವನ್ನೇ ಅವಲಂಬಿಸಿದೆ. ಅಲ್ಲಿ ‘ಅವ್ವಾರ್’ (ಹೊಂದು) ಅಥವಾ ‘ಎತ್ರ್’ (ಇರು) ಧಾತುವಿನ ಅಪೂರ್ಣಭೂತ ರೂಪಕ್ಕೆ ಭೂತಕೃದಂತವು ಸೇರುತ್ತದೆ. ‘ಎಲ್ ಎತೆ ಪಾರ್ತಿ’ ಎಂದರೆ ‘ಅವಳು ಹೊರಟುಹೋಗಿದ್ದಳು’. ‘ಎತ್ರ್’ ಬಂದಾಗ ಕೃದಂತವೇ ಕರ್ತೃವಿನ ಲಿಂಗವಚನಗಳನ್ನು ಅನುಸರಿಸುತ್ತದೆ. ಕನ್ನಡದಲ್ಲಿ ಕೃದಂತವು ಅವ್ಯಯವಾಗಿ ಉಳಿದು, ಲಿಂಗವಚನಗಳ ಭಾರವನ್ನು ‘ಇರು’ ಹೊರುತ್ತದೆ.

‘ಬಂದನು – ಬಂದಿದ್ದನು’ ಎಂಬಲ್ಲಿ ಎರಡು ರೂಪಗಳ ಭೇದ ಸ್ಪಷ್ಟ. ಆದರೆ ಸೇರು, ಮಾಡು ಮೊದಲಾದ ಧಾತುಗಳಲ್ಲಿ ಭೇದವು ಒಂದು ಒತ್ತಕ್ಷರಕ್ಕೆ ಇಳಿಯುತ್ತದೆ: ಸೇರಿತು – ಸೇರಿತ್ತು, ಸೇರಿದವು – ಸೇರಿದ್ದವು. ಪ್ರಾದೇಶಿಕ ಚರಿತ್ರೆಯ ಬರವಣಿಗೆಯಲ್ಲಿ ಈ ಒತ್ತಕ್ಷರದ ಬೆಲೆ ದೊಡ್ಡದು.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಆದುದರಿಂದ ‘1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಇವು ಮೈಸೂರಿಗೆ ಸೇರಿದ್ದವು’ ಎಂಬ ವಾಕ್ಯ ಸರಿ. ಅಲ್ಲಿ ‘ಸೇರಿದವು’ ಎಂದು ಬರೆದರೆ ವಿಲೀನವು ಮೂರು ವರ್ಷ ಮುಂದೆ ಸರಿದು, ಚರಿತ್ರೆಯೇ ತಪ್ಪಾಗುತ್ತದೆ.

ಹರಪನಹಳ್ಳಿಯ ನಿದರ್ಶನ ಇನ್ನೊಂದು ಅರ್ಥಛಾಯೆಯನ್ನು ತೋರಿಸುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಈ ತಾಲ್ಲೂಕು ಅದಕ್ಕೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. ‘ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿತ್ತು’ ಎಂದಾಗ ಸೇರ್ಪಡೆಯ ಜೊತೆಗೆ, ಆ ಸ್ಥಿತಿ ಈಗ ಉಳಿದಿಲ್ಲವೆಂಬುದೂ ಧ್ವನಿಸುತ್ತದೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಂದಿಗೆ ಹರಪನಹಳ್ಳಿಯೂ ಇಂದಿಗೂ ಇರುವುದರಿಂದ, ಅದರ ಬಗ್ಗೆ ‘ವಿಜಯನಗರ ಜಿಲ್ಲೆಗೆ ಸೇರಿತು’ ಎಂಬುದೇ ಯುಕ್ತ. ಹೀಗಾಗಿ ಘಟನೆ ಹಳೆಯದೆಂಬ ಒಂದೇ ಕಾರಣಕ್ಕೆ ಪೂರ್ಣಭೂತವನ್ನು ಬಳಸುವುದು ಸಮರ್ಪಕವಲ್ಲ. ಅದಕ್ಕೆ ಹೋಲಿಕೆಯ ಮತ್ತೊಂದು ಕಾಲಬಿಂದುವೋ, ಮುಗಿದುಹೋದ ಸ್ಥಿತಿಯೋ ಬೇಕು.

ಸಂದೇಹ ಬಂದಲ್ಲಿ ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ ಪರೀಕ್ಷಿಸಬಹುದು. ‘ಸೇರಿತು’ ಎಂಬುದರ ನಿಷೇಧ ‘ಸೇರಲಿಲ್ಲ’; ‘ಸೇರಿತ್ತು’ ಎಂಬುದರದು ‘ಸೇರಿರಲಿಲ್ಲ’. ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಎರಡನೆಯದು ‘ಸೇರಿದ್ದಿಲ್ಲ’ ಎಂದಾಗುತ್ತದೆ. ಬರಹದಲ್ಲಿ ಒತ್ತಕ್ಷರವೊಂದರಲ್ಲಿ ಅಡಗಿದ ಭೇದವನ್ನು ಆಡುಮಾತಿನ ಈ ರೂಪ ಕಿವಿಗೆ ಬಿಡಿಸಿ ಕೇಳಿಸುತ್ತದೆ. ವಿದ್ಯಾರ್ಥಿಗಳಿಗೆ ಪೂರ್ಣಭೂತವನ್ನು ಬೋಧಿಸುವಾಗ ಅವರ ಮನೆಮಾತಿನಿಂದಲೇ ಆರಂಭಿಸುವುದು ಈ ಕಾರಣದಿಂದ ಹೆಚ್ಚು ಫಲಕಾರಿ.