ಎತ್ತು ಎಮ್ಮೆಗಳಿಗೆ ಜೋಡು ಔಷಧಿಯ ಇಂಜೆಕ್ಷನ್: ಹಾಕಿಸುವ ಮುನ್ನ, ಹಾಕಿಸಿದ ಮೇಲೆ



ಈ ಪತ್ರಿಕೆಯಲ್ಲಿ ತಾವು ಬೀಜದ ಕಬ್ಬು, ಗೊಬ್ಬರ, ನೀರಿನ ಪಾಳಿ ಇವುಗಳ ಬಗ್ಗೆಯೇ ಓದುತ್ತ ಬಂದಿದ್ದೀರಿ. ಈ ಸಲ ದನದ ಔಷಧಿಯ ವಿಷಯ ಬಂದುದಕ್ಕೆ ಕೆಲವರಿಗೆ ಆಶ್ಚರ್ಯವಾಗಬಹುದು. ನಾನು ಕೃಷಿ ಪದವೀಧರನೇ ಹೊರತು ಪಶುವೈದ್ಯನಲ್ಲ. ಆದರೆ ಹಂಗಾಮು ಶುರುವಾಯಿತೆಂದರೆ ಗಟ್ ಆಫೀಸಿನ ಕಟ್ಟೆಯ ಮೇಲೆ ಕಬ್ಬಿನ ಮಾತಿಗಿಂತ ಎತ್ತಿನ ಮಾತೇ ಹೆಚ್ಚು. ಎತ್ತು ಕುಂಟಿದರೆ ಗಾಡಿ ನಿಲ್ಲುತ್ತದೆ, ಗಾಡಿ ನಿಂತರೆ ಕಡಿದ ಕಬ್ಬು ಹೊಲದಲ್ಲಿಯೇ ಒಣಗುತ್ತದೆ. ಹೀಗಾಗಿ ಇದು ನನ್ನ ಕೆಲಸದ ಹೊರಗಿನ ವಿಷಯವೇನಲ್ಲ.

ಕಳೆದ ಹಂಗಾಮಿನಲ್ಲಿ ಟೋಳಿಯ ಗಾಡಿಯವನೊಬ್ಬ ನನ್ನಲ್ಲಿಗೆ ಬಂದು, “ಸಾಹೇಬ್ರ, ಒಂದ ಬಾಟ್ಲಿ ತಂದಿದ್ದೆ. ಎರಡೂ ಎತ್ತಿಗಿ ಅರ್ಧರ್ಧ ಹಾಕ್ಸೀನಿ. ಒಂದಕ್ಕ ಹಾಕಿ ಇನ್ನೊಂದಕ್ಕ ಬಿಟ್ರ ಹೆಂಗ್ರೀ?” ಎಂದ. ನಾನು ಆಗ ನಕ್ಕುಬಿಟ್ಟೆ. ನಗಬಾರದಿತ್ತು. ಒಂದು ಎತ್ತಿನ ಗೊರಸಿನ ಸಂದಿಯಲ್ಲಿ ಗಾಯ ಕೀವಾಗಿ ಜ್ವರ ಬಂದಿತ್ತು. ಇನ್ನೊಂದಕ್ಕೆ ನೊಗ ಒತ್ತಿ ಹೆಗಲು ಬಾತಿತ್ತು, ಅಷ್ಟೆ. ಮೊದಲನೆಯದಕ್ಕೆ ಪೂರ್ಣ ಔಷಧಿ ಬೇಕಾಗಿತ್ತು, ಅರ್ಧ ಸಿಕ್ಕಿತು. ಎರಡನೆಯದಕ್ಕೆ ಔಷಧಿಯೇ ಬೇಕಾಗಿರಲಿಲ್ಲ, ಅದಕ್ಕೂ ಅರ್ಧ ಸಿಕ್ಕಿತು. ಎಂಟು ದಿನದೊಳಗೆ ಮೊದಲನೆಯದರ ಕಾಲು ಮತ್ತೆ ಬಾತು ಎತ್ತು ಮಲಗಿತು. ತಲೆಯ ಮೇಲೆ ಮುಕಾದಮನ ಉಚಲ್, ಯಾರ್ಡಿನಲ್ಲಿ ಖಾಲಿ ಗಾಡಿ. ಹದಿನೈದು ದಿನ ಆ ಮನುಷ್ಯ ಗಳಿಕೆಯಿಲ್ಲದೆ ಕುಳಿತ.

ಜೋಡು ಔಷಧಿ ಎಂದರೇನು ಎಂಬುದನ್ನು ಮೊದಲು ನೋಡೋಣ. ನಮ್ಮ ಕಡೆ ದನಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವುದು ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಕೂಡಿದ ಪುಡಿಯ ಬಾಟಲಿ. ಪೆನಿಸಿಲಿನ್ನನ್ನು 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಬೂಷ್ಟಿನಲ್ಲಿ ಕಂಡರು. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಮೇರಿಕದಲ್ಲಿ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ, ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ. ಮಣ್ಣಿನಲ್ಲಿ ದುಡಿಯುವ ನಮಗೆ ಇದು ನೆನಪಿಡತಕ್ಕ ಮಾತು. ನಮ್ಮ ದೇಶದಲ್ಲಿ ಇಂಥ ಔಷಧಿ ತಯಾರಿಸಲು ಸರಕಾರವು 1954ರಲ್ಲಿ ಪುಣೆಯ ಹತ್ತಿರ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಕಾರಖಾನೆ ಸ್ಥಾಪಿಸಿತು.

ಪೆನಿಸಿಲಿನ್ನು ರೋಗಾಣುವಿನ ಸುತ್ತಲಿನ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ಗೋಡೆ ಸಡಿಲಾದಲ್ಲಿ ಸ್ಟ್ರೆಪ್ಟೊಮೈಸಿನ್ ಒಳನುಗ್ಗಿ ರೋಗಾಣು ತನಗೆ ಬೇಕಾದ ಪ್ರೋಟೀನು ತಯಾರಿಸದಂತೆ ತಡೆಯುತ್ತದೆ. ಒಬ್ಬ ಗೋಡೆ ಒಡೆಯುವವ, ಇನ್ನೊಬ್ಬ ಒಳಗೆ ಹೋಗುವವ. ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಜೋಡಿ ಬಂದಿದೆ: ಅಮೋಕ್ಸಿಸಿಲಿನ್ ಜೊತೆ ಸಲ್ಬ್ಯಾಕ್ಟಮ್, ಸೆಫ್ಟ್ರಿಯಾಕ್ಸೋನ್ ಜೊತೆ ಟ್ಯಾಜೋಬ್ಯಾಕ್ಟಮ್. ಕೆಲವು ರೋಗಾಣುಗಳು ಪೆನಿಸಿಲಿನ್ ಜಾತಿಯ ಔಷಧಿಯನ್ನು ಕತ್ತರಿಸಿ ಹಾಕುವ ಒಂದು ರಸವನ್ನು ತಾವೇ ತಯಾರಿಸಿಕೊಳ್ಳಲು ಕಲಿತಿವೆ. ಜೊತೆಯಲ್ಲಿ ಬರುವ ಎರಡನೆಯ ಔಷಧಿ ಈ ರಸವನ್ನು ಹಿಡಿದು ನಿಲ್ಲಿಸುತ್ತದೆ. ಕಾವಲುನಾಯಿಯ ಬಾಯಿಗೆ ರೊಟ್ಟಿ ಹಾಕಿ ಸುಮ್ಮನಾಗಿಸಿದ ಹಾಗೆ. ಆಗ ಮೊದಲನೆಯ ಔಷಧಿ ತನ್ನ ಕೆಲಸ ಮಾಡುತ್ತದೆ. ಹೀಗೆ ರೊಟ್ಟಿ ಹಾಕುವ ಪ್ರಸಂಗ ಬಂದುದಾದರೂ ಏಕೆ? ವರ್ಷಾನುವರ್ಷ ಅರ್ಧಂಬರ್ಧ ಔಷಧಿ ಕೊಟ್ಟದ್ದೂ ಅದಕ್ಕೆ ದೊಡ್ಡ ಕಾರಣ. ಸ್ವತಃ ಫ್ಲೆಮಿಂಗ್ ಅವರೇ 1945ರಲ್ಲಿ ನೊಬೆಲ್ ಬಹುಮಾನ ಪಡೆದ ಭಾಷಣದಲ್ಲಿ, ಪ್ರಮಾಣ ಕಡಿಮೆ ಕೊಟ್ಟರೆ ರೋಗಾಣು ಸಾಯದೆ ಔಷಧಿಗೆ ಒಗ್ಗಿಕೊಳ್ಳುತ್ತದೆಂದು ಎಚ್ಚರಿಸಿದ್ದರು. ಜೇಕಿನ ಕಳೆಯನ್ನು ಮೇಲೆ ಮೇಲೆ ಕೊಯ್ದು ಗಡ್ಡೆ ಒಳಗೆ ಬಿಟ್ಟರೆ ಏನಾಗುತ್ತದೆಂದು ತಮಗೆ ಹೇಳಬೇಕಾಗಿಲ್ಲ.

ಇನ್ನು ಯಾವ ರೋಗಕ್ಕೆ ಈ ಇಂಜೆಕ್ಷನ್? ಬ್ಯಾಕ್ಟೀರಿಯಾದಿಂದ ಬರುವ ರೋಗಕ್ಕೆ ಮಾತ್ರ. ಮಳೆಗಾಲದ ಗಳಲೆ ರೋಗ, ಅಂದರೆ ನಮ್ಮಲ್ಲಿ ಎಲ್ಲರೂ ಘಟಸರ್ಪ ಎನ್ನುವುದು, ಚಪ್ಪೆ ರೋಗ, ಕೆಚ್ಚಲು ಬಾವು, ಕೀವಾದ ಗಾಯ ಇವೆಲ್ಲ ಆ ಜಾತಿಯವು. ಅದರಲ್ಲಿಯೂ ಘಟಸರ್ಪದಲ್ಲಿ ಗಂಟಲು ಬಾತು ಗೊರಗೊರ ಉಸಿರು ಶುರುವಾದ ಮೇಲೆ ಎಂಥ ಔಷಧಿಯೂ ಹೆಚ್ಚಿಗೆ ಮಾಡಲಾರದು. ಎಮ್ಮೆ ಒಂದೆರಡು ದಿನದಲ್ಲಿಯೇ ಹೋಗುತ್ತದೆ. ಅದಕ್ಕೆ ಮಳೆಗಾಲದ ಮೊದಲೇ ಲಸಿಕೆ ಹಾಕಿಸುವುದೇ ದಾರಿ. ಕಾಲುಬಾಯಿ ಬೇನೆ (ಲಾಳ ಖುರಕತ) ಮತ್ತು 2022ರಲ್ಲಿ ನಮ್ಮ ದನಗಳನ್ನು ಕಾಡಿದ ಚರ್ಮಗಂಟು ರೋಗ (ಲಂಪಿ) ವೈರಸ್ಸಿನವು. ವೈರಸ್ಸಿನ ಮೇಲೆ ಈ ಔಷಧಿಗಳಿಗೆ ಯಾವ ಅಧಿಕಾರವೂ ಇಲ್ಲ. ಗಂಟು ಒಡೆದು ಕೀವಾದರೆ, ಆ ಕೀವಿಗಾಗಿ ಡಾಕ್ಟರರು ಕೊಟ್ಟಾರು. ಅದು ಅವರ ನಿರ್ಣಯ.

ನೊಗದ ಬಾವಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಹಂಗಾಮಿನಲ್ಲಿ ಅತಿ ಹೆಚ್ಚು ಬಾಟಲಿ ವ್ಯರ್ಥವಾಗುವುದು ಇದರ ಮೇಲೆ. ಹೆಗಲು ಬಾತಿದೆ, ಚರ್ಮ ಬಿಸಿಯಾಗಿದೆ, ಆದರೆ ಹುಣ್ಣಿಲ್ಲ, ಕೀವಿಲ್ಲ, ಎತ್ತು ಮೇವು ತಿನ್ನುತ್ತಿದೆ ಎಂದರೆ ಅದು ಒತ್ತಡದ ಪೆಟ್ಟು. ಅಲ್ಲಿ ರೋಗಾಣುವೇ ಇಲ್ಲದಿರುವಾಗ ರೋಗಾಣು ಕೊಲ್ಲುವ ಔಷಧಿ ಏನು ಮಾಡೀತು? ಅದಕ್ಕೆ ಬೇಕಾದದ್ದು ವಿಶ್ರಾಂತಿ, ನುಣುಪಾದ ನೊಗ, ಎರಡೂ ಎತ್ತು ಒಂದೇ ಎತ್ತರದವು ಇರುವುದು, ಗಾಡಿಯ ಭಾರ ಮುಂದಕ್ಕೆ ಬೀಳದಂತೆ ಕಬ್ಬು ಹೇರುವುದು. ವಿಶ್ರಾಂತಿ ಕೊಟ್ಟರೆ ಖೇಪು ತಪ್ಪುತ್ತದೆ ಎಂಬುದು ನನಗೂ ಗೊತ್ತು. ಆದರೂ ಸೂಜಿ ಹಾಕಿಸಿ ಅದೇ ದಿನ ಗಾಡಿ ಹೂಡಿದರೆ ರೊಕ್ಕವೂ ಹೋಯಿತು, ಹೆಗಲೂ ಹೋಯಿತು.

ಒಂದು ಥರ್ಮಾಮೀಟರು ಮನೆಯಲ್ಲಿರಲಿ. ಗುದದ್ವಾರದಲ್ಲಿಟ್ಟು ನೋಡಿದರೆ ಆರೋಗ್ಯದ ದನಕ್ಕೆ ಸುಮಾರು 101 ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಡಾಕ್ಟರರಿಗೆ ಫೋನು ಮಾಡಿ “ಎತ್ತು ಸಪ್ಪಗದರೀ” ಎನ್ನುವುದಕ್ಕಿಂತ “105 ಅದರೀ, ಬೆಳಿಗ್ಗಿಯಿಂದ ಮೇವು ಬಿಟ್ಟದ” ಎಂದರೆ ಅವರಿಗೆ ಅರ್ಧ ಕೆಲಸ ಹಗುರ.

ಪ್ರಮಾಣ ನಿರ್ಣಯಿಸುವವರು ಪಶುವೈದ್ಯರೇ. ನಾನು ಇಲ್ಲಿ ಲೆಕ್ಕ ಬರೆಯುವುದಿಲ್ಲ, ತಾವೂ ಪಕ್ಕದ ಮನೆಯವರ ಚೀಟಿ ನೋಡಿ ಬಾಟಲಿ ತರಕೂಡದು. ಆದರೆ ಯಾವ ಪ್ರಮಾಣವೂ ದನದ ತೂಕದ ಮೇಲೆ ನಿಲ್ಲುತ್ತದೆ. ಕಾರಖಾನೆಯ ಕಾಟಾದಲ್ಲಿ ಹತ್ತು ಕಿಲೋ ವ್ಯತ್ಯಾಸ ಬಂದರೆ ಜಗಳಕ್ಕೆ ನಿಲ್ಲುವ ನಾವು, ಎತ್ತಿನ ತೂಕವನ್ನು ಮಾತ್ರ ಕಣ್ಣಳತೆಯಿಂದ ಹೇಳುತ್ತೇವೆ. ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದುಕೊಳ್ಳಿ. ಹೆಗಲಿನ ಮುಂತುದಿಯಿಂದ ಬಾಲದ ಪಕ್ಕದ ಎಲುಬಿನ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರು ತೂಕ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 64, ಉದ್ದ 52 ಇದ್ದ ಎತ್ತು 322 ಕಿಲೋ ಆಯಿತು. ಇದನ್ನೇ “ಎರಡೂವರೆ ನೂರು ಇದ್ದೀತು” ಎಂದು ಹೇಳಿದರೆ ಔಷಧಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಕಡಿಮೆ ಬೀಳುತ್ತದೆ.

ದಿನಗಳ ವಿಷಯದಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ಕೆಲ ವರ್ಷಗಳ ಹಿಂದೆ ನಮ್ಮ ಮನೆಯ ಎಮ್ಮೆಗೆ ಕೆಚ್ಚಲು ಬಾವು ಬಂದಿತ್ತು. ಡಾಕ್ಟರರು ಐದು ದಿನ ಎಂದು ಬರೆದುಕೊಟ್ಟರು. ಎರಡನೆಯ ದಿನಕ್ಕೆ ಬಾವು ಇಳಿಯಿತು, ಹಾಲಿನಲ್ಲಿಯ ಗರಣೆ ಹೋಯಿತು. ಕಬ್ಬು ನೋಂದಣಿಯ ಗಡಿಬಿಡಿಯಲ್ಲಿ ನಾನು, “ಸಾಕು ಬಿಡವ್ವಾ, ನೆಟ್ಟಗಾತು” ಎಂದು ತಾಯಿಗೆ ಹೇಳಿ ಉಳಿದ ಬಾಟಲಿ ಕಪಾಟಿನಲ್ಲಿಟ್ಟೆ. ಮೂರು ವಾರದ ಮೇಲೆ ಅದೇ ಮೊಲೆ ಕಲ್ಲಿನಂತಾಯಿತು. ಈ ಸಲ ಪೂರ್ಣ ದಿನ ಹಾಕಿಸಿದರೂ ಉಪಯೋಗವಾಗಲಿಲ್ಲ, ಮೊಲೆ ಬತ್ತಿಯೇ ಹೋಯಿತು. ಮೂರು ಮೊಲೆಯ ಎಮ್ಮೆಗೆ ದನದ ಪೇಟೆಯಲ್ಲಿ ಯಾರು ಬೆಲೆ ಕಟ್ಟುತ್ತಾರೆ? ಕೃಷಿ ಕಲಿತವನ ಮನೆಯ ಎಮ್ಮೆ ಎಂದು ಊರವರು ಇಂದಿಗೂ ಅದನ್ನು ತೋರಿಸುತ್ತಾರೆ.

ಈಗ ಹಾಲಿನ ಮಾತು. ಇದನ್ನು ಹೆಣ್ಣುಮಕ್ಕಳಿಗೂ ಓದಿ ಹೇಳಿರಿ, ಏಕೆಂದರೆ ಹಾಲು ಹಿಂಡುವವರು, ಕಾಯಿಸುವವರು, ಹೆಪ್ಪು ಹಾಕುವವರು ಅವರೇ. ಇಂಜೆಕ್ಷನ್ನು ಕುತ್ತಿಗೆಗೆ ಹಾಕಿದರೂ ಔಷಧಿ ರಕ್ತದ ಮೂಲಕ ನಾಲ್ಕೂ ಮೊಲೆಯ ಹಾಲಿಗೆ ಇಳಿಯುತ್ತದೆ. ಬಾವು ಬಂದ ಮೊಲೆಯ ಹಾಲು ಮಾತ್ರ ಚೆಲ್ಲಿ ಉಳಿದ ಮೂರು ಮೊಲೆಯದನ್ನು ಡೇರಿಗೆ ಹಾಕುವುದು ನಮ್ಮಲ್ಲಿ ರೂಢಿಯಾಗಿದೆ. ಅದು ತಪ್ಪು. ಕಾಯಿಸಿದರೆ ಹೋಗುತ್ತದೆ ಎಂಬುದೂ ಸುಳ್ಳು, ಪೆನಿಸಿಲಿನ್ನಿನ ಬಹುಭಾಗ ಕುದಿಸಿದರೂ ಉಳಿಯುತ್ತದೆ. ಇಂಥ ಹಾಲಿಗೆ ಹೆಪ್ಪು ಹಾಕಿದರೆ ಎಷ್ಟೋ ಸಲ ಮೊಸರು ಕೂಡುವುದಿಲ್ಲ. ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾವೇ ಅಲ್ಲವೇ, ಅದೂ ಸಾಯುತ್ತದೆ. ಆದರೆ ಮೊಸರು ಕೂಡಿತೆಂದ ಮಾತ್ರಕ್ಕೆ ಹಾಲು ಶುದ್ಧವಾಯಿತೆಂದು ತಿಳಿಯಕೂಡದು. ಪೆನಿಸಿಲಿನ್ ಒಗ್ಗದ ಮನುಷ್ಯರಿದ್ದಾರೆ. ಅಂಥವರಿಗೆ ಹಾಲಿನಲ್ಲಿಯ ಸ್ವಲ್ಪ ಔಷಧಿಯಿಂದಲೂ ಮೈಮೇಲೆ ದದ್ದು ಏಳಬಹುದು, ಕೆಲವರಿಗೆ ಉಸಿರು ಕಟ್ಟುವವರೆಗೂ ಹೋಗಬಹುದು.

ಎಷ್ಟು ದಿನ ಬಿಡಬೇಕು? ಬಾಟಲಿಯ ಚೀಟಿಯ ಮೇಲೆ ಬರೆದಿರುತ್ತದೆ. 2012ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮದ ಪ್ರಕಾರ ಅದನ್ನು ಬರೆಯಲೇಬೇಕು. ಆ ಔಷಧಿಗೆ ಪರೀಕ್ಷೆ ಮಾಡಿ ಗೊತ್ತುಪಡಿಸಿದ ಅವಧಿ ಇಲ್ಲದಿದ್ದರೆ ಹಾಲಿಗೆ 7 ದಿನಕ್ಕೆ, ಮಾಂಸಕ್ಕೆ 28 ದಿನಕ್ಕೆ ಕಡಿಮೆ ಇರಕೂಡದು. ಎಣಿಕೆ ಶುರುವಾಗುವುದು ಕೊನೆಯ ಇಂಜೆಕ್ಷನ್ನಿನಿಂದ, ಮೊದಲನೆಯದರಿಂದಲ್ಲ. ಐದು ದಿನದ ಔಷಧಿ, ಮೇಲೆ ಏಳು ದಿನ ಎಂದರೆ ಹನ್ನೆರಡು ದಿನ. ದಿನಕ್ಕೆ 6 ಲೀಟರಿನ ಎಮ್ಮೆಯಾದರೆ 72 ಲೀಟರು ಹಾಲು ಚೆಲ್ಲಬೇಕು. ಸಣ್ಣ ಮಾತಲ್ಲ, ಹೊಟ್ಟೆ ಉರಿಯುತ್ತದೆ. ಆದ್ದರಿಂದಲೇ ಡಾಕ್ಟರರು ಔಷಧಿ ಬರೆಯುವಾಗಲೇ “ಹಾಲು ಎಷ್ಟು ದಿನ ಬಿಡಬೇಕ್ರೀ?” ಎಂದು ಕೇಳಿರಿ. ಒಂದೇ ಕೆಲಸಕ್ಕೆ ಕಡಿಮೆ ದಿನದ ಔಷಧಿ ಇದ್ದರೆ ಅವರು ಅದನ್ನೇ ಕೊಟ್ಟಾರು. ಆ ಹಾಲನ್ನು ಕರುವಿಗೂ ಕುಡಿಸಕೂಡದು. ಕರುವಿನ ಹೊಟ್ಟೆಯಲ್ಲಿಯೂ ಅದೇ ಒಗ್ಗಿದ ರೋಗಾಣು ಬೆಳೆಯುತ್ತದೆ.

ಸೂಜಿ ಹಾಕುವುದು ಡಾಕ್ಟರರ ಕೆಲಸ. ಆದರೂ ಎದುರಿಗೆ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ಪುಡಿ ಕಲಸಲು ಬಾಟಲಿಯ ಜೊತೆ ಬಂದ ಶುದ್ಧ ನೀರನ್ನೇ ಬಳಸಬೇಕು, ಬಾವಿಯ ನೀರಾಗಲಿ ಕಾಯಿಸಿ ಆರಿಸಿದ ನೀರಾಗಲಿ ನಡೆಯದು. ಪ್ರೊಕೇನ್ ಪೆನಿಸಿಲಿನ್ ಇರುವ ಔಷಧಿ ಕಲಸಿದಾಗ ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಮಾಂಸಖಂಡಕ್ಕೆ ಹೋಗತಕ್ಕದ್ದು, ರಕ್ತನಾಳಕ್ಕೆ ಹೋದರೆ ದನ ನಿಂತಲ್ಲಿಯೇ ಬೀಳಬಹುದು. ಸೂಜಿ ಚುಚ್ಚಿದ ಮೇಲೆ ಪಿಚಕಾರಿ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡುವುದು ಅದಕ್ಕಾಗಿಯೇ. ಪೇನ್‌ಕಿಲ್ಲರು, ವಿಟಮಿನ್ನು, ಇದು ಎಲ್ಲ ಕೂಡಿಸಿ ಒಂದೇ ಸಿರಿಂಜಿನಲ್ಲಿ ಏರಿಸುವವರಿದ್ದಾರೆ. ಅವರನ್ನು ಮನೆಗೆ ಕರೆಯಬೇಡಿರಿ. ಸೆಫ್ಟ್ರಿಯಾಕ್ಸೋನನ್ನು ಕ್ಯಾಲ್ಸಿಯಂ ಸಲಾಯಿನ್ ಜೊತೆ ಕೂಡಿಸಲೇಕೂಡದು, ಎರಡೂ ಸೇರಿ ಹರಳುಗಟ್ಟುತ್ತವೆ. ಈದ ಎಮ್ಮೆಗೆ ಕ್ಯಾಲ್ಸಿಯಂ ಹಾಕಿಸಿದ್ದರೆ ಅದನ್ನು ಡಾಕ್ಟರರಿಗೆ ತಾವಾಗಿಯೇ ಹೇಳಿರಿ.

ಹಾಕಿದ ಮೇಲೆ ಅರ್ಧ ತಾಸು ದನದ ಹತ್ತಿರವೇ ಇರಿ. ಕಣ್ಣಿನ ರೆಪ್ಪೆ ಬಾತರೆ, ಮೈ ನಡುಗಿದರೆ, ಏದುಸಿರು ಬಂದರೆ, ತೂರಾಡಿದರೆ ಅದು ಔಷಧಿ ಒಗ್ಗದ ಲಕ್ಷಣ. ಅದಕ್ಕೆ ಪ್ರತಿಯಾಗಿ ಕೊಡುವ ಅಡ್ರಿನಲಿನ್ ಡಾಕ್ಟರರ ಚೀಲದಲ್ಲಿರುತ್ತದೆ, ನಮ್ಮ ಗೂಡಿನಲ್ಲಿರುವುದಿಲ್ಲ. ತಾವೇ ಚುಚ್ಚಬೇಡಿರೆನ್ನುವುದಕ್ಕೆ ಇದೂ ಒಂದು ಕಾರಣ. ದನ ಹಿಡಿದು ನಿಲ್ಲುವ ಆಳಿಗೆ ಪೆನಿಸಿಲಿನ್ ಆಗುವುದಿಲ್ಲವೆಂದು ಗೊತ್ತಿದ್ದರೆ ಅವನನ್ನು ದೂರವಿಡಿರಿ. ಉಳಿದ ಬಾಟಲಿಯನ್ನು ಮನುಷ್ಯರ ಜ್ವರಕ್ಕೆ, ಗಾಯಕ್ಕೆ ಉಪಯೋಗಿಸಿದ ಸಂಗತಿ ನನ್ನ ಕಿವಿಗೆ ಬಿದ್ದಿದೆ. ದಯಮಾಡಿ ಬೇಡ. ಬಳಸಿದ ಸೂಜಿಯನ್ನು ತಿಪ್ಪೆಗೆ ಒಗೆಯದೆ ಮುಚ್ಚಳದ ಡಬ್ಬಿಯಲ್ಲಿ ಹಾಕಿ ದವಾಖಾನೆಗೆ ಕೊಟ್ಟುಬಿಡಿ. ಆ ತಿಪ್ಪೆಯ ಗೊಬ್ಬರವನ್ನೇ ಬರಿಗಾಲಿನಲ್ಲಿ ಹೊಲಕ್ಕೆ ಚೆಲ್ಲುವವರು ನಾವೇ.

ಸರಕಾರಿ ಪಶುದವಾಖಾನೆ ದೂರವಿದ್ದರೆ 1962ಕ್ಕೆ ಫೋನು ಮಾಡಿದರೆ ಸಂಚಾರಿ ಗಾಡಿಯ ಬಗ್ಗೆ ವಿಚಾರಿಸಬಹುದು. ಕಬ್ಬಿನ ಸ್ಲಿಪ್ಪು ಇಡುವ ಚೀಲದಲ್ಲಿಯೇ ದನದ ಒಂದು ಹಾಳೆಯಿರಲಿ: ಔಷಧಿಯ ಹೆಸರು, ಮೊದಲ ಇಂಜೆಕ್ಷನ್ನಿನ ತಾರೀಖು, ಕೊನೆಯದರ ತಾರೀಖು, ಹಾಲು ಮತ್ತೆ ಡೇರಿಗೆ ಹಾಕುವ ತಾರೀಖು. ಖಾಲಿ ಬಾಟಲಿಯನ್ನು ಆ ಕೊನೆಯ ತಾರೀಖಿನವರೆಗೆ ಒಗೆಯಬೇಡಿರಿ. ರೋಗ ಮರುಕಳಿಸಿದರೆ ಡಾಕ್ಟರರು ಮೊದಲು ಕೇಳುವುದು ಅದನ್ನೇ. ಎದೆಯ ಸುತ್ತಳತೆಯ ಟೇಪು ಗಟ್ ಆಫೀಸಿನಲ್ಲಿ ಇಟ್ಟಿದ್ದೇನೆ. ಅಳೆಯುವುದು ತಿಳಿಯದಿದ್ದರೆ ಸೋಮವಾರ ಬೆಳಿಗ್ಗೆ ಎತ್ತು ಹೊಡೆದುಕೊಂಡು ಬನ್ನಿರಿ, ಕೂಡಿಯೇ ಅಳೆಯೋಣ.