ಗುಳ್ಳೆ ಏಳುವ ಮುಂಚಿನ ದಿನಗಳು



ಮಗಳೇ, ಅಂಗನವಾಡಿಗೆ ಹೊಸದಾಗಿ ಸೇರಿದ ನಿನಗೂ ನಿನ್ನಂಥ ಎಲ್ಲ ಟೀಚರುಗಳಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ಚಳಿ ಇಳಿದು ಬಿಸಿಲು ಏರುವ ತಿಂಗಳುಗಳಲ್ಲಿ ಊರೂರಲ್ಲೂ ಸೀತಾಳೆ ಸಿಡುಬು ಕಾಣಿಸಿಕೊಳ್ಳುತ್ತದೆ. ನಿನ್ನ ಮನೆಯಲ್ಲೇ ಒಂದು ಮಗುವಿಗೆ ಗುಳ್ಳೆ ಎದ್ದಿದೆ ಎಂದಿಟ್ಟುಕೋ. ನಿನಗೆ ಜ್ವರವಿಲ್ಲ, ಮೈಕೈ ನೋವಿಲ್ಲ, ಎಂದಿನಂತೆ ಹಸಿವಾಗುತ್ತದೆ. ಬೆಳಗ್ಗೆ ಕೇಂದ್ರದ ಬೀಗ ತೆಗೆಯುವುದೋ ಬೇಡವೋ? ಮೈ ನೆಟ್ಟಗಿದ್ದರೆ ಹೋಗು, ಕೆಟ್ಟರೆ ಮನೆಯಲ್ಲಿರು ಎಂದು ಮನೆಯವರೂ ಹೇಳುತ್ತಾರೆ, ಸೂಪರ್‌ವೈಸರೂ ಹೇಳುತ್ತಾರೆ. ಬೇರೆ ಹಲವು ಕಾಯಿಲೆಗಳಿಗೆ ಸಲ್ಲುವ ಈ ಮಾತು ಸೀತಾಳೆಗೆ ಸಲ್ಲುವುದಿಲ್ಲ. ಈ ಕಾಯಿಲೆ ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲೇ ಒಬ್ಬರಿಂದ ಇನ್ನೊಬ್ಬರಿಗೆ ದಾಟತೊಡಗುತ್ತದೆ. ಆ ಎರಡು ದಿನ ಮೈ ನೆಟ್ಟಗೇ ಇರಬಹುದು, ಹಾಗಾಗಿ ಮೈಯನ್ನು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ನೀನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಕು.

ನಮ್ಮ ಹಳ್ಳಿಗಳಿಗೆ ಈ ವಿಷಯದಲ್ಲಿ ತಿಳಿವಳಿಕೆಯೇ ಇಲ್ಲ ಎಂದು ನಾನು ಹೇಳಲಾರೆ. ಮನೆಗೆ ‘ಅಮ್ಮ’ ಬಂದರೆ, ಅಂದರೆ ಗುಳ್ಳೆಯ ಕಾಯಿಲೆ ಬಂದರೆ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಹೊರಗಿನವರು ಒಳಗೆ ಬರುವುದಿಲ್ಲ, ಮನೆಯವರು ಮದುವೆ ಮುಂಜಿಗೆ ಹೋಗುವುದಿಲ್ಲ, ಒಗ್ಗರಣೆ ಹಾಕುವುದೂ ನಿಲ್ಲುತ್ತದೆ. ಒಗ್ಗರಣೆಗೂ ಕಾಯಿಲೆಗೂ ಸಂಬಂಧವಿಲ್ಲದಿರಬಹುದು, ಆದರೆ ಬಾಗಿಲ ಮೇಲಿನ ಬೇವು ಬೀದಿಗೆಲ್ಲ ಕಾಣುವ ಎಚ್ಚರಿಕೆ. ಈ ಪದ್ಧತಿ ಹುಟ್ಟಿದ್ದು ದೊಡ್ಡ ಸಿಡುಬಿನ ಕಾಲದಲ್ಲಿ. ಆ ಸಿಡುಬು ಜ್ವರ ಏರಿ ಗುಳ್ಳೆ ಏಳುವವರೆಗೆ ಹೆಚ್ಚುಕಡಿಮೆ ಹರಡುತ್ತಲೇ ಇರಲಿಲ್ಲ. ಹರಡುವ ಹೊತ್ತಿಗೆ ರೋಗಿ ಹಾಸಿಗೆ ಹಿಡಿದಿರುತ್ತಿದ್ದ. ಹಾಗಾಗಿ ಗುಳ್ಳೆ ಕಂಡ ಮೇಲೆ ಬಾಗಿಲು ಮುಚ್ಚಿದರೂ ಪ್ರಯೋಜನವಾಗುತ್ತಿತ್ತು. ರೋಗಿಯನ್ನು ಹುಡುಕಿ ಬೇರೆಯಿಟ್ಟು, ಸುತ್ತಲಿನವರಿಗೆ ಲಸಿಕೆ ಹಾಕುವ ದಾರಿಯಿಂದಲೇ 1975ರ ಹೊತ್ತಿಗೆ ಭಾರತ ಸಿಡುಬಿನಿಂದ ಮುಕ್ತವಾಯಿತು. ಸೀತಾಳೆ ಬೇರೆಯದೇ ವೈರಸ್ಸಿನ ಕಾಯಿಲೆ. ಹೆಸರೂ ಗುಳ್ಳೆಯೂ ಹೋಲುತ್ತವೆಂದು ನಾವು ಹಳೆಯ ಪದ್ಧತಿಯನ್ನೇ ಇದಕ್ಕೂ ಅಂಟಿಸಿದೆವು. ಬೇವು ಕಟ್ಟುವ ಹೊತ್ತಿಗೆ ಸೀತಾಳೆ ಆಗಲೇ ಹೊಸಿಲು ದಾಟಿರುತ್ತದೆ.

ದಾಟುವ ವೇಗವೂ ಕಡಿಮೆಯದಲ್ಲ. ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಪಟ್ಟಣದ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್ ಒಂದೇ ಮನೆಯೊಳಗೆ ಕಾಯಿಲೆಗಳು ಹೇಗೆ ಹಬ್ಬುತ್ತವೆ ಎಂದು ಲೆಕ್ಕವಿಟ್ಟು 1952ರಲ್ಲಿ ಪ್ರಕಟಿಸಿದರು. ಮೊದಲು ಕಾಯಿಲೆ ಬಂದಿರದವರಲ್ಲಿ ನೂರಕ್ಕೆ ಸುಮಾರು 61 ಮಂದಿಗೆ ಮನೆಯ ರೋಗಿಯಿಂದ ಸೀತಾಳೆ ಹತ್ತಿತ್ತು. ದಡಾರಕ್ಕೆ ಆ ಲೆಕ್ಕ 76ರ ಹತ್ತಿರವಿತ್ತು. ಆಮೇಲಿನ ಅಧ್ಯಯನಗಳಲ್ಲಿ ಸೀತಾಳೆಯ ಪ್ರಮಾಣ ಇನ್ನೂ ಹೆಚ್ಚೇ ಕಂಡಿತು. ಇದು ಗಾಳಿಯಲ್ಲೂ ಹರಡುವುದರಿಂದ ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ನಿಶ್ಚಿಂತೆಯಾಗಿ ಇರುವಂತಿಲ್ಲ.

ಹಾಗೆಂದು ಗಾಬರಿಯಾಗಿ ರಜೆ ಬರೆದುಕೊಡಬೇಡ. ಮೊದಲು ನಿನ್ನ ಅಮ್ಮನನ್ನೋ ಅಜ್ಜಿಯನ್ನೋ ಕೇಳು: ಚಿಕ್ಕಂದಿನಲ್ಲಿ ನಿನಗೆ ಇದು ಬಂದು ಹೋಗಿದೆಯೇ? ಬಂದಿದ್ದರೆ ಮತ್ತೆ ಬರುವುದು ತೀರಾ ಅಪರೂಪ, ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗು. ಲಸಿಕೆಯ ಎರಡು ಡೋಸ್ ಆಗಿದ್ದರೂ ಹೋಗು, ದಿನವೂ ಮೈ ನೋಡಿಕೊಂಡರೆ ಸಾಕು. ಆದರೆ ಈ ಲಸಿಕೆ ನಮ್ಮ ಸರ್ಕಾರಿ ಲಸಿಕೆಗಳ ಪಟ್ಟಿಯಲ್ಲಿಲ್ಲ, ಖಾಸಗಿಯಾಗಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು, ಆದ್ದರಿಂದ ನಿನ್ನ ವಯಸ್ಸಿನವರಲ್ಲಿ ಹಾಕಿಸಿಕೊಂಡವರು ಕಡಿಮೆ. ನಮ್ಮಂಥ ಬಿಸಿಲ ನಾಡುಗಳಲ್ಲಿ ಈ ಕಾಯಿಲೆ ಬಾರದೆಯೇ ದೊಡ್ಡವರಾಗುವವರು ತಂಪು ದೇಶಗಳಿಗಿಂತ ಹೆಚ್ಚು ಎಂಬುದನ್ನೂ ನೆನಪಿಡು. ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲದಿದ್ದರೆ ರಕ್ತಪರೀಕ್ಷೆಯಿಂದ ತಿಳಿಯಬಹುದು.

ಬಂದಿಲ್ಲ ಎಂದಾದರೆ ಎಣಿಕೆ ಶುರುವಾಗುತ್ತದೆ. ಸೋಂಕು ತಗುಲಿದ ಮೇಲೆ ಗುಳ್ಳೆ ಏಳಲು ಕನಿಷ್ಠ 10 ದಿನ, ಹೆಚ್ಚೆಂದರೆ 21 ದಿನ ಬೇಕು. ಹತ್ತರಲ್ಲಿ ಆ ಮುಂಚಿನ ಎರಡು ದಿನ ಕಳೆದರೆ ಎಂಟು. ಅದಕ್ಕೇ ಆಸ್ಪತ್ರೆಗಳಲ್ಲಿ, ಸೀತಾಳೆಯ ರೋಗಿಯ ಹತ್ತಿರವಿದ್ದ ರೋಗನಿರೋಧವಿಲ್ಲದ ದಾದಿಯನ್ನು ಎಂಟನೆಯ ದಿನದಿಂದ ಇಪ್ಪತ್ತೊಂದನೆಯ ದಿನದವರೆಗೆ ವಾರ್ಡಿನಿಂದ ದೂರ ಇಡುತ್ತಾರೆ. ನಿನ್ನ ಮನೆಗೆ ಇದನ್ನು ಹೊಂದಿಸೋಣ. ಮಗುವಿಗೆ ಫೆಬ್ರುವರಿ 10ರಂದು ಗುಳ್ಳೆ ಕಂಡಿತು. ಅದು ಹರಡತೊಡಗಿದ್ದು 8ರಿಂದ, ಎಣಿಕೆಯೂ ಅಲ್ಲಿಂದಲೇ. 15ರವರೆಗೆ ನಿನ್ನಿಂದ ಯಾರಿಗೂ ಅಪಾಯವಿಲ್ಲ, ಕೆಲಸಕ್ಕೆ ಹೋಗಬಹುದು. 16ರಿಂದ ದೂರವಿರಬೇಕು. ಮಗುವಿನ ಗುಳ್ಳೆಗಳೆಲ್ಲ ಒಣಗಿ ಹೊಪ್ಪಳೆಗಟ್ಟಿದ್ದು 16ರಂದು ಎಂದಾದರೆ, ಅಲ್ಲಿಂದ 21 ದಿನ, ಅಂದರೆ ಮಾರ್ಚ್ 9ರವರೆಗೆ. ಹೆಚ್ಚುಕಡಿಮೆ ಮೂರು ವಾರ. ಮೊದಲ ವಾರ ಕೈಯಲ್ಲಿರುವುದು ಒಂದು ಅನುಕೂಲ. ಬದಲಿ ಏರ್ಪಾಡು ಮಾಡಿಕೊಳ್ಳಲು ಅಷ್ಟು ಸಮಯ ಸಿಗುತ್ತದೆ. ಮೂರರಿಂದ ಐದು ದಿನದೊಳಗೆ ಲಸಿಕೆ ಹಾಕಿಸಿಕೊಂಡರೆ ಕಾಯಿಲೆ ತಪ್ಪಬಹುದು ಅಥವಾ ಹಗುರಾಗಬಹುದು, ಆದರೂ ಎಣಿಕೆಯನ್ನು ಬಿಡುವಂತಿಲ್ಲ. ನೀನೇ ಬಸುರಿಯಾಗಿದ್ದರೆ ಈ ಲಸಿಕೆ ಕೂಡದು, ಅದೇ ದಿನ ವೈದ್ಯರನ್ನು ಕಾಣು.

ಅಂಗನವಾಡಿ ಆಸ್ಪತ್ರೆಯಲ್ಲ, ಆಸ್ಪತ್ರೆಯ ಕಟ್ಟುಪಾಡು ನಮಗೇಕೆ ಎಂದು ನೀನು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೀನು ಬ್ಯಾಂಕಿನಲ್ಲೋ ತೋಟದಲ್ಲೋ ಕೆಲಸ ಮಾಡುತ್ತಿದ್ದರೆ, ಗುಳ್ಳೆ ಅಥವಾ ಜ್ವರ ಬರುವವರೆಗೆ ಹೋಗು ಎಂದೇ ಹೇಳುತ್ತಿದ್ದೆ. ಆದರೆ ನಿನ್ನ ಕೇಂದ್ರಕ್ಕೆ ಯಾರು ಬರುತ್ತಾರೆ ನೋಡು. 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆ ಶುರುವಾದಾಗ ಅದರ ಉದ್ದೇಶವೇ ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು, ಕೂತು, ಬಿಸಿಯೂಟ ಮಾಡಬೇಕು ಎಂಬುದಾಗಿತ್ತು. ಮನೆಗೆ ಕೊಟ್ಟ ಊಟ ಮನೆಮಂದಿಗೆಲ್ಲ ಹಂಚಿಹೋಗುತ್ತದೆ ಎಂಬ ಕಾಳಜಿ ಅದರ ಹಿಂದಿತ್ತು. ಒಳ್ಳೆಯ ಉದ್ದೇಶ. ಅದರಿಂದಾಗಿಯೇ ಸೀತಾಳೆ ಯಾರಿಗೆ ಅತಿ ಅಪಾಯವೋ ಅವರು ನಿನ್ನ ಎದುರು ಕೂತು ಅರ್ಧ ಗಂಟೆ ಊಟ ಮಾಡುತ್ತಾರೆ. ಬಸುರಿಗೆ ಈ ಕಾಯಿಲೆ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಸಂಚಕಾರ. ಮೊದಲ ಐದು ತಿಂಗಳಲ್ಲಿ ತಗುಲಿದರೆ, ಅಪರೂಪಕ್ಕಾದರೂ, ಹೊಟ್ಟೆಯ ಕೂಸಿನ ಕೈಕಾಲು, ಕಣ್ಣು, ಮಿದುಳಿಗೆ ಊನವಾಗಬಹುದು. ಹೆರಿಗೆಗೆ ಐದು ದಿನ ಮೊದಲಿನಿಂದ ಎರಡು ದಿನದ ನಂತರದವರೆಗಿನ ಅವಧಿಯಲ್ಲಿ ತಾಯಿಗೆ ಗುಳ್ಳೆ ಎದ್ದರೆ, ತಾಯಿಯಿಂದ ಸಿಗಬೇಕಾದ ರಕ್ಷಣೆ ಸಿಗದೆ ಹಸುಗೂಸಿಗೆ ಕಾಯಿಲೆ ಉಗ್ರವಾಗಿ ಬರಬಹುದು. ಮಕ್ಕಳಿಗೆ ಹೇಗೂ ಒಂದು ದಿನ ಬರುವುದೇ, ಈಗಲೇ ಬಂದು ಹೋಗಲಿ ಎನ್ನುವವರಿದ್ದಾರೆ. ಗಟ್ಟಿಮುಟ್ಟಾದ ಐದು ವರ್ಷದ ಮಗುವಿನ ಮಟ್ಟಿಗೆ ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಆ ಮಗು ಸಂಜೆ ಮನೆಗೆ ಹೋಗಿ ಯಾರ ಮಡಿಲಲ್ಲಿ ಕೂರುತ್ತದೆ ಎಂದು ನಿನಗೂ ನನಗೂ ಗೊತ್ತು.

ಹೀಗೆ ಎಲ್ಲರೂ ಮನೆಯಲ್ಲಿ ಕೂತರೆ ಕೆಲಸ ನಡೆದೀತೇ ಎಂಬ ಮಾತೂ ಬರುತ್ತದೆ. ಎಲ್ಲರೂ ಕೂರಬೇಕಾಗಿಲ್ಲ. ಮನೆಯಲ್ಲಿ ಡೆಂಗ್ಯೂ ಇದ್ದರೆ ನೀನು ರಜೆ ಹಾಕಬೇಕಿಲ್ಲ, ಅದು ಸೊಳ್ಳೆಯಿಂದ ಬರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಉಣುಗಿನಿಂದ ಬರುವುದೇ ಹೊರತು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆ ಮನೆಗಳಿಂದ ಬರುವವರನ್ನು ದೂರ ಇಡುವುದು ಶುದ್ಧ ಅನ್ಯಾಯ. ಮನೆಯಲ್ಲಿ ಕ್ಷಯವಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಬೇಕು, ರೋಗವಿಲ್ಲವೆಂದು ಗೊತ್ತಾದರೆ ನಿನ್ನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಯಾವ ಕಾಯಿಲೆ, ನನಗೆ ರಕ್ಷಣೆ ಇದೆಯೇ, ನನ್ನ ಎದುರು ಕೂರುವವರು ಯಾರು ಎಂದು ಕೇಳುತ್ತ ಹೋದರೆ ಕೊನೆಗೆ ಮನೆಯಲ್ಲಿ ಉಳಿಯಬೇಕಾದವರು ಬೆರಳೆಣಿಕೆಯಷ್ಟೇ.

ಕಷ್ಟದ ಪ್ರಶ್ನೆ ದುಡ್ಡಿನದು. ನಿನಗೆ ಬರುವುದು ಸಂಬಳವಲ್ಲ, ಗೌರವಧನ. ಮೂರು ವಾರದ ಗೌರವಧನ ಹೋದರೆ ಮನೆ ನಡೆಯುವುದಿಲ್ಲ ಎಂಬುದನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ. ಊರಿನ ಬಸುರಿಯರನ್ನು ಕಾಪಾಡುವ ಖರ್ಚನ್ನು ಒಬ್ಬ ಟೀಚರಿನ ಹೊಟ್ಟೆಯ ಮೇಲೆ ಹೊರಿಸಬಾರದು, ಅದು ಇಲಾಖೆಯ ಹೊಣೆ. ಬೇರೆ ದಾರಿಯಿಲ್ಲ ಎಂದು ಇಲಾಖೆ ಹೇಳುವಂತೆಯೂ ಇಲ್ಲ. 2020ರಲ್ಲಿ ಕೊರೊನಾ ಬಂದು ಕೇಂದ್ರಗಳು ಮುಚ್ಚಿದಾಗ ಆಹಾರ ಸಾಮಗ್ರಿ ಮನೆಮನೆಗೇ ಹೋಯಿತು. ಪೋಷಣ್ ಟ್ರ್ಯಾಕರಿನಲ್ಲಿ ತುಂಬಬೇಕಾದ ವಿವರ, ಬಾಕಿ ಉಳಿದ ರಿಜಿಸ್ಟರುಗಳು, ಫೋನಿನಲ್ಲಿ ವಿಚಾರಿಸಬೇಕಾದ ಮನೆಗಳು, ಇವನ್ನೆಲ್ಲ ನೀನು ಮನೆಯಿಂದಲೇ ಮಾಡಬಹುದು. ಸಹಾಯಕಿಗೆ ಸೀತಾಳೆ ಬಂದು ಹೋಗಿದ್ದರೆ ಅಡುಗೆ ಬಡಿಸುವುದು ನಡೆಯುತ್ತದೆ. ಪಕ್ಕದ ಕೇಂದ್ರದ ಟೀಚರ್ ವಾರಕ್ಕೆ ಎರಡು ಮೂರು ದಿನ ಬಂದು ನೋಡಿಕೊಳ್ಳಬಹುದು. ಇದನ್ನು ಬಾಯಿಮಾತಿನಲ್ಲಿ ಬಿಡದೆ ಸೂಪರ್‌ವೈಸರಿಗೆ ಬರೆದುಕೊಡು, ತಾರೀಖುಗಳನ್ನು ಹಾಕು, ಒಂದು ಪ್ರತಿ ಇಟ್ಟುಕೋ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಒಂದು ಸಾಲು ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಇಷ್ಟಾದರೂ ಮೇಲಿನವರು ಒಪ್ಪದೆ, ಕೇಂದ್ರಕ್ಕೆ ಹೋಗಲೇಬೇಕಾದ ಸ್ಥಿತಿ ಬಂತು ಅನ್ನು. ಆಗ ಗರ್ಭಿಣಿಯರ ಊಟ ಆ ಮೂರು ವಾರ ಸಹಾಯಕಿಯ ಕೈಯಲ್ಲಿ ಅವರ ಮನೆಗೇ ಹೋಗಲಿ, ಮಕ್ಕಳನ್ನು ಆದಷ್ಟು ಜಗಲಿಯಲ್ಲಿ, ಗಾಳಿಯಾಡುವ ಕಡೆ ಕೂರಿಸು. ಇದು ಪೂರ್ಣ ರಕ್ಷಣೆಯಲ್ಲ ಎಂದು ತಿಳಿದೇ ಹೇಳುತ್ತಿದ್ದೇನೆ.

ಒಂದನ್ನು ಮಾತ್ರ ಯಾರ ಅಪ್ಪಣೆಗೂ ಕಾಯದೆ ಮಾಡು. ‘ಅಮ್ಮ’ ಬಂದ ವಿಷಯ ಹೊರಗೆ ಹೇಳಬಾರದು ಎಂದು ಮನೆಯಲ್ಲಿ ಹಿರಿಯರು ತಡೆದರೂ, ನಿನ್ನ ಕೇಂದ್ರದಲ್ಲಿ ತಾಯಿ ಕಾರ್ಡ್ ಇರುವ ಒಬ್ಬೊಬ್ಬ ಬಸುರಿಗೂ ತಿಳಿಸು. ಅವರಲ್ಲಿ ಯಾರಿಗೆ ಈ ಕಾಯಿಲೆ ಮೊದಲು ಬಂದಿಲ್ಲವೋ ಅವರು ಜಾಗ್ರತೆ ಮಾಡಿಕೊಳ್ಳುತ್ತಾರೆ. ರೋಗಿಯ ಹತ್ತಿರ ಇದ್ದದ್ದು ಹತ್ತು ದಿನದೊಳಗೆ ಗೊತ್ತಾದರೆ ಅವರಿಗೆ ಕೊಡುವ ರಕ್ಷಕ ಚುಚ್ಚುಮದ್ದು ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಮನೆಯ ಮಗುವಿನ ಮೈಮೇಲೆ ಗುಳ್ಳೆ ಕಂಡ ದಿನವೇ, ಸಂಜೆಯಾಗುವುದರೊಳಗೆ, ಅವರಿಗೆ ಫೋನ್ ಮಾಡು ಮಗಳೇ.